ಹಾಲೆಂಡ್ ಯಜಮಾನರ ಪೆಪ್ಪರಮಿಂಟು

ಯಾರೋ ತಿಂದು ಉಳಿಸಿದ ಪೆಪ್ಪರಮಿಂಟ್ ಪೊಟ್ಟಣವನ್ನು ಹಾಲೆಂಡಿನಿಂದ ಕೊರಿಯರ್ ಮಾಡುವವರುಂಟೇ? ಹೋದ ವಾರ ಕಿಬ್ಬನಹಳ್ಳಿ ಹತ್ತಿರದ ನಮ್ಮ ತೆಂಗಿನ ನಾರಿನ ಫ್ಯಾಕ್ಟರಿಗೆ ಅಂಥದ್ದೊಂದು ಬಂತು. ಕವರ್ ಹರಿದದ್ದೇ ತಡ, ಒದ್ದೆ ಮಟ್ಟೆಯ ವಾಸನೆಯ ನಡುವೆ ತಣ್ಣನೆಯ ಘಮ ಮೂಗಿಗೆ ಹೊಡೆಯಿತು. ಹಾಲೆಂಡ್ ಯಜಮಾನರೇ ಬಂದು ಎದುರಿಗೆ ಕೂತ ಹಾಗಾಯಿತು...

ನಾವು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಕಾಯಿ ಮಟ್ಟೆಯಿಂದ ನಾರು ತೆಗೆದ ಮೇಲೆ ಪುಡಿ ಉಳಿಯುತ್ತದಲ್ಲ, ಅದರಲ್ಲಿ ಅವರ ದೇಶದವರು ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಯುತ್ತಾರೆ. ಆ ಪುಡಿ ಕೊಳ್ಳಲು ವರ್ಷಕ್ಕೊಮ್ಮೆ ಬರುತ್ತಿದ್ದ ಎತ್ತರದ ಮುದುಕರು ಅವರು. ಮುಷ್ಟಿಯಲ್ಲಿ ಹಿಂಡಿ ನೋಡಿ ತಲೆಯಾಡಿಸಿದರೆ ಲೋಡ್ ಪಾಸಾದ ಹಾಗೆ. ಭಾನುವಾರ ಮಾತ್ರ ಪುಡಿ ಮುಟ್ಟುತ್ತಿರಲಿಲ್ಲ. ತೆಂಗಿನ ನೆರಳಲ್ಲಿ ಕೂತು ಬೈಬಲ್ ತೆರೆದು, ಒಂದು ಪೆಪ್ಪರಮಿಂಟ್ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರೂರಿನ ಚರ್ಚಿನಲ್ಲಿ ಪಾದ್ರಿ ಪ್ರಸಂಗ ಶುರು ಮಾಡುತ್ತಿದ್ದಂತೆ ಪೊಟ್ಟಣ ಬೆಂಚಿನಿಂದ ಬೆಂಚಿಗೆ ಸಾಗುತ್ತಿತ್ತಂತೆ. ದೇವರ ಮಾತು ಕೇಳುವುದಕ್ಕೂ ಲಂಚ ಬೇಕೇ ಎಂದು ನಾನು ರೇಗಿಸುತ್ತಿದ್ದೆ.

ಒಂದು ಸಲ ಅವರು ನಗಲಿಲ್ಲ. ಈಗ ಪೊಟ್ಟಣ ಹೋದ ಹಾಗೇ ವಾಪಸ್ ಬರುತ್ತದೆ, ತೆಗೆದುಕೊಳ್ಳುವವರಿಲ್ಲ ಎಂದರು. ಪಕ್ಕದೂರಿನ ಚರ್ಚು ಪುಸ್ತಕದಂಗಡಿಯಾಗಿತ್ತು, ಅದರಾಚೆಯದು ಹೋಟೆಲು. ಇವರದಕ್ಕೂ ಕಾಯಂ ಪಾದ್ರಿಯಿಲ್ಲ, ಮಾರಾಟದ ಮಾತು ನಡೆದಿತ್ತು. ಸ್ವಂತ ಮಗಳೇ ಆ ಕಡೆ ತಲೆ ಹಾಕುತ್ತಿರಲಿಲ್ಲ. "ತುಂಬಾ ಒಳ್ಳೆಯವಳು. ದೇವರನ್ನು ನಂಬುವುದಿಲ್ಲ, ಅಷ್ಟೇ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಾವು ಬದುಕಿರುವಾಗಲೇ ಆ ಬಾಗಿಲು ಮುಚ್ಚುವುದನ್ನು ನೋಡಬೇಕಲ್ಲ ಎಂಬ ಸಂಕಟ ಅವರದು.

ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ನಮ್ಮತ್ತೆ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ಅಲ್ಲ ಕಣ್ರೀ ಯಜಮಾನ್ರೇ, ನಮ್ ಬಸವಣ್ಣನ ಗುಡಿ ಪೂಜಾರಿ ಬುಟ್ಟೋದಾಗ ನಾವೇನ್ ಗುಡಿ ಮಾರಿದ್ವಾ? ಮನೆಗೊಂದು ವಾರ ಅಂತ ಸರದಿ ಹಾಕ್ಕಂಡ್ವಿ. ನನ್ ಮಗ್ನೂ ದೇವ್ರಿಲ್ಲ ಅಂತಾನೆ. ಆದ್ರೂ ನಮ್ಮನೆ ಸರದಿ ಬಂದ್ರೆ ತೆಪ್ಪಗೆ ಹೋಗಿ ದೀಪ ಹಚ್ತಾನೆ. ನಂಬೋದು ಅವ್ರವ್ರಿಗೆ ಬುಟ್ಟಿದ್ದು. ಬಾಗ್ಲು ತೆಗ್ಯಕ್ಕೆ ಕೈ ಇದ್ರೆ ಸಾಕು!"

ಆ ಮಗ ಎಂದರೆ ನನ್ನ ಗಂಡ. ಅಲ್ಲೇ ನಿಂತಿದ್ದವರು ಲಾರಿ ನೋಡುವ ನೆಪದಲ್ಲಿ ಜಾಗ ಖಾಲಿ ಮಾಡಿದರು. ಅತ್ತೆಯ ಮಾತನ್ನು ಇಂಗ್ಲಿಷಿಗೆ ತಂದಾಗ ಯಜಮಾನರು ಕೂತಲ್ಲಿಂದ ಎದ್ದರು. ಗುಡಿ ತೋರಿಸಿ ಎಂದರು. ಹೊಸ್ತಿಲಾಚೆಯೇ ಶೂ ಬಿಚ್ಚಿ, ಉರಿಯುವ ದೀಪ ನೋಡುತ್ತ ನಿಂತರು.

ಮರುವರ್ಷ ಕಾರಿನಿಂದ ಇಳಿಯುವ ಮೊದಲೇ ಅತ್ತೆಯ ಕಡೆ ಕೈಯೆತ್ತಿ ಕೂಗಿದರು. ಅವರೂರಿನವರು ಸರದಿಗೆ ಒಪ್ಪಿದ್ದರು! ಬಾಗಿಲು ತೆಗೆಯಲು, ಗಂಟೆ ಹೊಡೆಯಲು, ನೆಲ ಗುಡಿಸಲು, ಚರ್ಚಿನ ಮುಖ ನೋಡದ ಮನೆಗಳೂ ಕೈಜೋಡಿಸಿದ್ದವು. ಮಾರಾಟ ನಿಂತಿತ್ತು. ಅತ್ತೆಗಂತೂ ಹಾಲೆಂಡನ್ನೇ ಗೆದ್ದಷ್ಟು ಜಂಬ. ಮಗಳು ಮಾತ್ರ ಒಪ್ಪಿರಲಿಲ್ಲ. ನಂಬದವಳು ಗಂಟೆ ಹೊಡೆದರೆ ಸುಳ್ಳು ಹೇಳಿದ ಹಾಗೆ ಎಂದಳಂತೆ. ಮನೆಯ ಸರದಿಯನ್ನು ಯಜಮಾನರೇ ಕೋಲೂರಿಕೊಂಡು ಹೋಗಿ ಮುಗಿಸುತ್ತಿದ್ದರು.

"ನಾನು ಹೋದ ಮೇಲೆ ನಮ್ಮ ಮನೆಯ ಸರದಿ ತಪ್ಪುತ್ತದೆ" ಎಂದು ಹೊರಡುವಾಗ ಹೇಳಿದ್ದರು... ಅವರು ಮತ್ತೆ ಬರಲಿಲ್ಲ. ಚಳಿಗಾಲದಲ್ಲಿ ತೀರಿಕೊಂಡ ಸುದ್ದಿ ಬಂತು.

ಹೋದ ವಾರ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಯಜಮಾನರ ಮಗಳಿಗೆ ಫೋನ್ ಮಾಡಿದೆ. ಇದೇನಮ್ಮ, ತಿಂದು ಉಳಿಸಿದ್ದು ಕಳಿಸಿದ್ದೀಯಲ್ಲ ಎಂದೆ.

"ಅಪ್ಪನ ಕೋಟಿನ ಜೇಬಿನಲ್ಲಿತ್ತು" ಎಂದಳು. "ಅಪ್ಪ ಹೋದ ಮೇಲೆ ಒಂದು ಭಾನುವಾರ ನಮ್ಮ ಮನೆಯ ಸರದಿ ಬಂತು. ಗಂಟೆ ನಾನೇ ಹೊಡೆದೆ. ನಂಬಿಕೆ ಈಗಲೂ ಇಲ್ಲ. ಆದರೂ ಪೊಟ್ಟಣವನ್ನು ಮೊದಲ ಬೆಂಚಿಗೆ ಕೊಟ್ಟೆ. ಎಲ್ಲ ಕಡೆ ಸುತ್ತಿ ಬಂದಾಗ ಉಳಿದದ್ದು ಇಷ್ಟೇ."

ಎರಡೇ ಎರಡು ಉಳಿದಿದ್ದವು. ಒಂದನ್ನು ಅತ್ತೆಯ ಬೊಚ್ಚು ಬಾಯಿಗೆ ಹಾಕಿ ವಿಷಯ ಹೇಳಿದೆ. ಚಪ್ಪರಿಸುತ್ತ ಚಪ್ಪರಿಸುತ್ತ ಅವರ ಕಣ್ಣು ತುಂಬಿತು. "ಗೆದ್ಬುಟ್ರು ಕಣೇ ಯಜಮಾನ್ರು" ಎಂದರು.

ಇನ್ನೊಂದು ನನ್ನ ಪಾಲಿಗೆ ಬಂತು. ಈ ಸುದ್ದಿ ಕೇಳಿ ಕುಣಿಯಬೇಕಾದವರೇ ಇಲ್ಲವಲ್ಲ ಎಂದು ಅಳು ಬಂದರೂ ಖುಷಿ ಅದಕ್ಕಿಂತ ಹೆಚ್ಚಾಗಿತ್ತು. ಖಾಲಿ ಪೊಟ್ಟಣದ ಕಾಗದ ಮಡಿಸಿ ಗುಡಿಯ ಬೀಗದಕೈ ಪಕ್ಕ ಇಟ್ಟೆ. ಈ ವಾರ ನಮ್ಮ ಮನೆಯ ಸರದಿ.