ಕಾರ್ತಿಕದ ಅಭಿಷೇಕವೂ ಪಾವಗಡದ ಸಂಬಂಧವೂ

ನಮ್ಮ ದೊಡ್ಡಪ್ಪನವರ ಸ್ಮರಣಶಕ್ತಿ ದೈವದತ್ತವಾದದ್ದು. ಬೇಕಾದಾಗ ಬೇಕಾದಷ್ಟೇ ನೆನಪಾಗುವ ವರ ಎಲ್ಲರಿಗೂ ಲಭಿಸುವುದಿಲ್ಲ. ಮಹಾರಾಜರ ಆಳ್ವಿಕೆಯ ಆ ಕಾಲದಲ್ಲಿ ಮಧುಗಿರಿಯ ಈಶ್ವರನ ಗುಡಿಯೊಂದರ ಅರ್ಚಕತ್ವ ನಮ್ಮ ಮನೆತನದ್ದಾಗಿತ್ತು. ಗರ್ಭಗುಡಿಯೊಳಗೆ ಹೋಗಿ ಸ್ವಾಮಿಯನ್ನು ಮುಟ್ಟುವ ಅಧಿಕಾರ ಹಿರಿಯರಾದ ಅವರದು. ಅವರ ಭಕ್ತಿಯನ್ನು ನಾನು ಎಂದೂ ಶಂಕಿಸಿದವನಲ್ಲ. ವಂಶಾವಳಿಯ ವಿಷಯದಲ್ಲಿ ಅವರು ಆಡಿದ ಮಾತನ್ನು ಮಾತ್ರ ಒಮ್ಮೆ ಬಿಸಿಲಿಗೆ ಹಿಡಿದು ನೋಡಬೇಕಾಯಿತು.

ನಾನು ಸಂಸ್ಕೃತ ಪಾಠಶಾಲೆಯ ವ್ಯಾಸಂಗ ಮುಗಿಸಿ ಊರಿಗೆ ಮರಳಿದ ವರ್ಷ ನನ್ನ ತಂಗಿಗೆ ಪಾವಗಡದಿಂದ ಸಂಬಂಧ ಬಂತು. ವರ ಅಲ್ಲಿ ಉಪಾಧ್ಯಾಯ, ಮನೆಯವರು ಆಚಾರವಂತರು, ಗೋತ್ರ ಬೇರೆ, ಜಾತಕ ಕೂಡಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಲ ಸಂದಿಯಿಂದ ವರನನ್ನು ನೋಡಿದ ತಂಗಿ ಆ ದಿನದ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಒಪ್ಪಿಗೆಗೆ ಅದಕ್ಕಿಂತ ಸ್ಪಷ್ಟವಾದ ಪ್ರಮಾಣ ಆಗಿನ ಮನೆಗಳಲ್ಲಿ ದೊರೆಯುತ್ತಿರಲಿಲ್ಲ.

ತಾಂಬೂಲ ಬದಲಾಯಿಸುವ ಮಾತು ಬಂದೊಡನೆ ದೊಡ್ಡಪ್ಪನವರಿಗೆ ನೆನಪಾಯಿತು.

"ಅವರಿಗೂ ನಮಗೂ ಕೊಡೋದು ತರೋದು ಆಗಲ್ಲ. ಅವರು ನಮ್ಮ ದಾಯಾದಿಗಳು. ನಮ್ಮ ಮುತ್ತಾತ, ಅವರ ಮುತ್ತಾತ ಇಬ್ಬರೂ ಕೊಳಾಲದಲ್ಲಿ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು. ಆತ ಪಾವಗಡದ ಮಾವನ ಮನೇಲೇ ನಿಂತು ಮಾವನ ಗೋತ್ರಾನೇ ಹೇಳ್ಕೊಂಡ. ಅಣ್ಣ ತಂಗಿಗೆ ಮದುವೆ ಮಾಡ್ತೀಯೇನೋ?"

ಅಪ್ಪ ತಬ್ಬಿಬ್ಬಾದರು. "ಇಷ್ಟು ದಿನ ಹೇಳಲೇ ಇಲ್ವಲ್ಲ ಅಣ್ಣ?"

"ನೀನು ಕೇಳಿದ್ಯಾ?"

ಇದಕ್ಕೆ ಆಧಾರ, ದೊಡ್ಡಪ್ಪನವರ ತಾತ ದೇಹ ಬಿಡುವ ಮುನ್ನ ಅವರೊಬ್ಬರ ಕಿವಿಯಲ್ಲಿ ಹೇಳಿದ ಮಾತು. ಆ ಸತ್ಪುರುಷರಿಗೆ ಕಡೆಗಾಲದಲ್ಲಿ ನಾಲಗೆಯೇ ಬಿದ್ದುಹೋಗಿತ್ತೆಂದು ಮನೆಯವರೆಲ್ಲ ಹೇಳುತ್ತಿದ್ದರು. ಮೊಮ್ಮಗನ ಮೇಲಿನ ವಾತ್ಸಲ್ಯದಿಂದ ಅದು ಒಮ್ಮೆ ಎದ್ದಿರಬೇಕು. ಇನ್ನೊಂದು ಆಧಾರ, ಎರಡು ಮನೆಗಳಿಗೂ ಕೊಳಾಲದ ಸೀಮೆಯ ವೀರಭದ್ರನೇ ಮನೆದೇವರು. ಹಾಗೆ ನೋಡಿದರೆ ಅರ್ಧ ಹೋಬಳಿ ನಮಗೆ ದಾಯಾದಿಯಾಗಬೇಕಿತ್ತು. ಮತ್ತೊಂದು ಆಧಾರವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸಿರಾದಲ್ಲಿದ್ದ ಅವರ ಭಾವಮೈದುನರು ಹೆಂಡತಿ ತೀರಿಕೊಂಡು ಎರಡನೆಯ ಮದುವೆಗೆ ಹೆಣ್ಣು ಹುಡುಕುತ್ತಿದ್ದರು. ನಮ್ಮ ಮನೆಗೆ ಬಂದಾಗ ನರೆತ ತಲೆ ಕಾಣದಿರಲೆಂದು ಒಳಗೂ ಪೇಟ ತೆಗೆಯುತ್ತಿರಲಿಲ್ಲ.

ತಂಗಿ ಬಾವಿಕಟ್ಟೆಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು. "ಅಣ್ಣಯ್ಯ, ಆ ಪೇಟದೋರ ಮನೆಗೆ ಮಾತ್ರ ನನ್ನ ಕಳಿಸಬೇಡಿ. ಬೇಕಾದ್ರೆ ಹಿಂಗೇ ಇದ್ಬುಡ್ತೀನಿ." ನಗುತ್ತಲೇ ಹೇಳಿ, ಸೇದಿದ ನೀರನ್ನು ಮತ್ತೆ ಬಾವಿಗೇ ಸುರಿದಳು.

ಸತ್ಯಶೋಧನೆಗೆಂದು ಅಪ್ಪನೂ ನಾನೂ ಗಾಡಿ ಕಟ್ಟಿಸಿಕೊಂಡು ಕೊಳಾಲಕ್ಕೆ ಹೋದೆವು. ಅಲ್ಲಿನ ಅತಿ ಹಿರಿಯ ರೈತನೊಬ್ಬ ಜಗಲಿಯ ಮೇಲೆ ಕುಳಿತಿದ್ದ. ಎರಡು ಮನೆಯವರೂ ಅಣ್ಣತಮ್ಮಂದಿರ ಸಂತತಿಯೇ ಎಂದು ಅಪ್ಪ ಕೇಳಿದರು.

"ಊ ಕಣ್ ಬುದ್ಧಿ, ಒಂದೇ ತಾಯಿ ಮಕ್ಳು."

"ಪಾವಗಡದವರು ತಾವು ಬೇರೆ ಅಂತಾರಲ್ಲ?"

"ಅದೂ ದಿಟವೇಯ. ಅವ್ರೇ ಬ್ಯಾರೆ, ನೀವೇ ಬ್ಯಾರೆ."

"ಎರಡರಲ್ಲಿ ಒಂದು ಹೇಳಪ್ಪ."

"ಅಷ್ಟು ದೂರದಿಂದ ಬಂದಿದ್ದೀರಾ, ನಿಮ್ ಮಾತಿಗೆ ಇಲ್ಲ ಅನ್ನಕ್ಕಾಯ್ತದಾ? ಮಜ್ಜಿಗೆ ಕುಡೀರಿ."

ಇಂಥ ಅತಿಥಿಸತ್ಕಾರ ಪಡೆದು ನಾವು ಹೋದಷ್ಟೇ ತಿಳಿವಳಿಕೆಯೊಡನೆ ಹಿಂತಿರುಗಿದೆವು. ಆಮೇಲೆ ಕೊರಟಗೆರೆಯಿಂದ ಧರ್ಮಶಾಸ್ತ್ರ ಬಲ್ಲ ಶಾಸ್ತ್ರಿಗಳೊಬ್ಬರನ್ನು ಕರೆಸಿದ್ದಾಯಿತು. ಪಾವಗಡದಿಂದ ವರನ ತಂದೆಯೂ ಬಂದರು. ಊಟವಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಸೇರಿದರು. ಶಾಸ್ತ್ರಿಗಳು ಕಣ್ಣು ಮುಚ್ಚಿ ಬಹಳ ಹೊತ್ತು ಶ್ಲೋಕಗಳನ್ನು ಹೇಳಿ, ಸಗೋತ್ರವಾದರೆ ವಿವಾಹ ನಿಷಿದ್ಧ, ಅಲ್ಲದಿದ್ದರೆ ಪ್ರಶಸ್ತ ಎಂದು ಅಪ್ಪಣೆ ಕೊಡಿಸಿದರು. ನಮಗೆ ಮೊದಲೇ ತಿಳಿದಿದ್ದ ಸಂಗತಿಯಾದರೂ ಗೀರ್ವಾಣವಾಣಿಯಲ್ಲಿ ಕೇಳಿದಾಗ ಅದಕ್ಕೊಂದು ಘನತೆ ಬಂದಿತ್ತು.

ವರನ ತಂದೆ ಕೈಮುಗಿದು, ತಮ್ಮ ಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು. "ಏಮಿ ಸ್ವಾಮಿ ಇದಿ! ನಮ್ಮ ಮುತ್ತಾತ ಪಾವಗಡದಲ್ಲೇ ಹುಟ್ಟಿದೋರು. ಕೊಳಾಲಕ್ಕೆ ಹೋಗ್ತಿದ್ದಿದ್ದು ದೇವರ ದರ್ಶನಕ್ಕೆ. ನಮ್ಮ ಸೋದರತ್ತೆ ಒಬ್ಬಳು ಮಾತ್ರ ನಾವು ಕೊಳಾಲದೋರು ಅಂತಾಳೆ. ಆಯಮ್ಮ ಈಚೆಗೆ ನನ್ನನ್ನೂ ಯಾರು ನೀನು ಅಂತಾಳೆ."

"ನೋಡಿದ್ರಾ? ಅವರ ಮನೆಯವರೇ ಒಪ್ಪಿದ್ದಾರೆ," ಎಂದರು ದೊಡ್ಡಪ್ಪ.

ಮೂಲೆಯಲ್ಲಿ ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿ, ಅಂದರೆ ದೊಡ್ಡಪ್ಪನವರ ಹೆತ್ತ ತಾಯಿ, ತಲೆ ಎತ್ತದೆ ಕೇಳಿದರು. "ಹೌದೇನೋ, ಇವರು ದಾಯಾದಿಗಳು ಅಂತ ನಿನಗೆ ಯಾವಾಗಿಂದ ಗೊತ್ತು?"

"ತಾತ ಹೋದಾಗಿಂದ ಅಮ್ಮ. ಆಗಿನ್ನೂ ನನಗೆ ಹೊಸದಾಗಿ ಮುಂಜಿ ಆಗಿತ್ತು."

"ಮರೆತಿರಲಿಲ್ಲ ತಾನೆ?"

"ಇಂಥದ್ದನ್ನ ಮರೆಯೋಕಾಗತ್ತಾ?"

"ಹಂಗಾದ್ರೆ ಹೋದ ಕಾರ್ತಿಕ ಸೋಮವಾರ ಬೆಳಿಗ್ಗೆ ಇವರ ತಂದೆ ತೀರಿಕೊಂಡರು ಅಂತ ನಿನಗೇ ಬಂದು ಹೇಳಿದರಲ್ಲ. ನೀನು 'ಪಾಪ, ಒಳ್ಳೆ ಮನುಷ್ಯ' ಅಂದೆ. ಅಂದು ಕೊಡ ಎತ್ತಿಕೊಂಡು ಹೋಗಿ ಸ್ವಾಮಿಗೆ ಅಭಿಷೇಕ ಮಾಡಿದ್ದು ಯಾರೋ?"

ಶಾಸ್ತ್ರಿಗಳು ಕಣ್ಣು ತೆರೆದರು. ದಾಯಾದಿ ಸತ್ತ ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಅರ್ಚಕನಿಗೆ ಸೂತಕ. ಅದು ಕಳೆಯುವ ತನಕ ಅವನು ಗರ್ಭಗುಡಿಯ ಹೊಸಿಲು ದಾಟಕೂಡದು. ದಾಟಿದರೆ ಗುಡಿಯನ್ನೆಲ್ಲ ಶುದ್ಧಿಮಾಡಿ ಸಂಪ್ರೋಕ್ಷಣೆ ನಡೆಸಬೇಕು. ದಾಟಿದವನ ಅರ್ಚಕತ್ವ ಉಳಿಯುವುದೂ ಕಷ್ಟ.

"ಅಮ್ಮ, ಸ್ವಲ್ಪ ಮೆಲ್ಲಗೆ..."

"ಯಾಕೋ ಮೆಲ್ಲಗೆ? ಅಮಲ್ದಾರರು ಸಂಸಾರ ಸಮೇತ ಬಂದಿದ್ದರು. ಇಡೀ ಊರಿಗೇ ಸೂತಕದ ತೀರ್ಥ ಕುಡಿಸ್ಬುಟ್ಯಾ? ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಆ ಮನೇಲಿ ಎಷ್ಟೋ ಸಾವಾಯ್ತು. ನಿಮ್ಮಪ್ಪ ಒಂದಕ್ಕೂ ಸೂತಕ ಹಿಡೀಲಿಲ್ಲ. ನಿಮ್ಮ ತಾತನೂ ಹಿಡೀಲಿಲ್ಲ. ನಿನ್ನ ಕಿವೀಲಿ ಹೇಳಿದೋರು ಅವರೇ ತಾನೆ? ದಾಯಾದಿ ಸತ್ತಾಗ ಗುಡಿಗೆ ಹೋಗೋ ಪೈಕೀನಾ ಅವರು?"

ವರನ ತಂದೆಗೂ ಈಗ ನೆನಪಾಯಿತು. "ನಿಜ ಅಮ್ಮ. ಈ ಮನೆ ಯಜಮಾನರು ಹೋದ ಸುದ್ದಿ ಬಂದ ದಿನ ನಮ್ಮ ತಂದೆ ಒಂದು ಮುಂಜಿ ಮನೇಲಿ ಪೌರೋಹಿತ್ಯಕ್ಕೆ ಕೂತಿದ್ರು. ಎದ್ದು ಬರಲಿಲ್ಲ."

ದೊಡ್ಡಪ್ಪನವರ ಮುಂದೆ ಎರಡು ದಾರಿಗಳಿದ್ದವು. ಪಾವಗಡದವರು ದಾಯಾದಿಗಳೆಂದರೆ ತಾವು ಸ್ವಾಮಿಯನ್ನು ತಿಳಿದೂ ತಿಳಿದೂ ಸೂತಕದಲ್ಲಿ ಮುಟ್ಟಿದಂತೆ. ಅಲ್ಲವೆಂದರೆ ನನ್ನ ತಂಗಿಯ ಮದುವೆ. ಅವರು ಅಂಗವಸ್ತ್ರದಿಂದ ಮುಖ ಒರೆಸಿಕೊಂಡು, ತಾತ ಹೇಳಿದ್ದು ಬೇರೆ ಯಾವುದೋ ಮನೆಯ ವಿಷಯವಿರಬೇಕೆಂದರು. ಎರಡು ಮನೆಗಳ ಹಿರಿಯರೂ ಪರಸ್ಪರ ಸೂತಕ ಹಿಡಿಯದಿರುವುದು ಯಾರ ಕಿವಿಮಾತಿಗಿಂತಲೂ ಬಲವಾದ ಪ್ರಮಾಣವೆಂದು ಶಾಸ್ತ್ರಿಗಳು ತೀರ್ಪಿತ್ತರು. ಅದನ್ನು ಮಾತ್ರ ಕನ್ನಡದಲ್ಲಿಯೇ ಹೇಳಿದರು. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು.

ಮದುವೆ ನಮ್ಮ ಗುಡಿಯ ಅಂಗಳದಲ್ಲೇ ನಡೆಯಿತು. ವಧೂವರರ ಗೋತ್ರಗಳನ್ನೂ ತಂದೆ, ತಾತ, ಮುತ್ತಾತರ ಹೆಸರುಗಳನ್ನೂ ಸಭೆಗೆ ಕೇಳುವಂತೆ ಹೇಳುವ ಪ್ರವರದ ಹೊತ್ತಿಗೆ ದೊಡ್ಡಪ್ಪನವರೇ ಮುಂದೆ ಬಂದು, ಎರಡು ಬೇರೆ ಬೇರೆ ಗೋತ್ರಗಳನ್ನು ಬೆಟ್ಟಕ್ಕೆ ಕೇಳಿಸುವ ಹಾಗೆ ಘೋಷಿಸಿದರು. ಸಿರಾದವರು ಪೇಟ ಸಮೇತ ಬಂದು ಉಂಡುಹೋದರು.

"ನಮ್ಮ ಮನೇಲಿ ಶೋಧನೆ ಮಾಡದೆ ಹೆಣ್ಣು ಕೊಡೋ ಪದ್ಧತಿ ಇಲ್ಲ. ನಾನೇ ಕೂತು ಎಲ್ಲ ವಿಚಾರಿಸಿದೆ," ಎಂದು ನೆಂಟರಿಗೆ ಹೇಳುತ್ತ ದೊಡ್ಡಪ್ಪ ತೀರ್ಥದ ಬಟ್ಟಲು ಹಿಡಿದು ಬಂದರು. ತಂಗಿಯನ್ನು ಒತ್ತಿಕೊಂಡು ಕುಳಿತಿದ್ದ ಅಜ್ಜಿ ಕೈ ಚಾಚಿದರು.

"ಹಾಕಪ್ಪ. ಇವತ್ತು ಯೋಚನೆಯಿಲ್ಲದೆ ಕುಡೀಬಹುದು."