ಎಚ್.ಡಿ. ಕೋಟೆಯ ಒಂದು ಸಾಲಿನ ಮಾದೇವಮ್ಮ

1998ರಲ್ಲಿ ನಾನು ಹುಣಸೂರಿನಲ್ಲಿ ಒಂದು ನ್ಯೂಸ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹಾಗೆಂದರೆ ಈಗಿನವರು ಟಿವಿ ಚಾನೆಲ್ ಅಂದುಕೊಳ್ಳುತ್ತಾರೆ. ಆಗಿನವರೂ ಹಾಗೇ ಅಂದುಕೊಂಡು, ಚಹದ ಅಂಗಡಿಯಲ್ಲಿ ಹಿಡಿದು ನಿಲ್ಲಿಸಿ, ತಮ್ಮೂರಿನ ಸುದ್ದಿ ಯಾವಾಗ ಬರುತ್ತದೆಂದು ಕೇಳುತ್ತಿದ್ದರು. ಅದಕ್ಕೂ ಮೊದಲು ನಾನು ಹನ್ನೊಂದು ವರ್ಷ ತಂತಿ ಕಚೇರಿಯಲ್ಲಿ ಟೆಲಿಗ್ರಾಂ ಕಳಿಸುತ್ತಿದ್ದವನು. ಮಾತನ್ನು ಎಣಿಸಿ ಕಳಿಸುವುದು ನನಗೆ ರಕ್ತಗತವಾಗಿತ್ತು. ಈ ವಿಷಯ ನೆನಪಿರಲಿ, ಮುಂದೆ ನನ್ನ ಮಾನ ಹೋಗುವುದೇ ಇಲ್ಲಿಂದ.

ರೈತರಿಗೆ ಮಾಹಿತಿ ಮುಟ್ಟಿಸುವ ಒಂದು ಯೋಜನೆ ಅದು. ಹುಣಸೂರಿನಲ್ಲಿ ಸರ್ವರ್. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಒಂದೊಂದು ಕೇಂದ್ರ. ಪ್ರತಿ ಕೇಂದ್ರದಲ್ಲಿ ಒಂದು ಕಂಪ್ಯೂಟರ್, ಅದನ್ನು ಫೋನ್ ಲೈನಿಗೆ ಜೋಡಿಸುವ ಒಂದು ಮೋಡೆಮ್, ಒಬ್ಬ ಆಪರೇಟರ್. ಆಗ ಪ್ರಪಂಚದಲ್ಲೆಲ್ಲ ಯೂಸ್‌ನೆಟ್ ಎಂಬ ವ್ಯವಸ್ಥೆ ಇತ್ತು. ಒಂದು ಗುಂಪಿಗೆ ನೀವು ಏನಾದರೂ ಬರೆದರೆ ಅದರ ಪ್ರತಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುತ್ತ ಎಲ್ಲರಿಗೂ ತಲುಪುತ್ತದೆ, ಯಾರು ಬೇಕಾದರೂ ಉತ್ತರ ಬರೆಯಬಹುದು. ಹೊರಗಿನ ಕೆಲವು ಕೃಷಿ ಗುಂಪುಗಳನ್ನು ನಾವು ತರಿಸಿಕೊಳ್ಳುತ್ತಿದ್ದೆವು, ಜೊತೆಗೆ ನಮ್ಮ ನಾಲ್ಕು ಊರಿಗೆಂದೇ ಒಂದು ಗುಂಪು ಮಾಡಿದ್ದೆವು. ಮೂರೂ ಕೇಂದ್ರಗಳು ದಿನಕ್ಕೆ ಮೂರು ಸಲ ಫೋನ್ ಲೈನಿನಲ್ಲಿ ಹುಣಸೂರಿಗೆ ಸೇರಿ, ತಮ್ಮ ಬರಹ ಕೊಟ್ಟು ಬೇರೆಯವರದನ್ನು ತೆಗೆದುಕೊಂಡು ಹೋಗುತ್ತಿದ್ದವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು, ಬೇರೆ ದಾರಿ ಇರಲಿಲ್ಲ.

ಎಚ್.ಡಿ. ಕೋಟೆಯ ಆಪರೇಟರ್ ಮಾದೇವಮ್ಮ. ನಲವತ್ತು ದಾಟಿದ ಹೆಂಗಸು, ಹಾಲಿನ ಡೇರಿಯಲ್ಲಿ ಲೆಕ್ಕ ಬರೆದು ಬಂದವರು, ಕನ್ನಡದಲ್ಲಿ ಎಸ್.ಎಸ್.ಎಲ್.ಸಿ. ತರಬೇತಿಗೆ ಬಂದಾಗ ಮೌಸನ್ನು ಸೆರಗಿನಿಂದ ಒರೆಸಿ ಹಿಡಿದುಕೊಂಡಿದ್ದರು. ಎಂಟು ದಿನದಲ್ಲಿ ಮಿಕ್ಕಿಬ್ಬರಿಗಿಂತ ಚೆನ್ನಾಗಿ ಕಲಿತರು. ಅವರದೊಂದು ಪದ್ಧತಿ. ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆದು ಮೊದಲು ಗುಂಪಿಗೆ ಹಾಕುವುದೇ, 'ಎಲ್ರೂ ತಿಂಡಿ ತಿಂದ್ರಾ?' ಅಷ್ಟೇ, ಒಂದೇ ಸಾಲು. ಪಿರಿಯಾಪಟ್ಟಣದ ಬಸವಣ್ಣ ಉತ್ತರಿಸುತ್ತಿದ್ದ, 'ಆಯ್ತು ಕಣಕ್ಕಾ, ಉಪ್ಪಿಟ್ಟು.' ಕೆ.ಆರ್. ನಗರದ ನಾಗರಾಜು, 'ನಂದಿನ್ನೂ ಇಲ್ಲ, ಮನೇವ್ರು ಊರಲ್ಲಿಲ್ಲ.' ಅದಕ್ಕೆ ಮಾದೇವಮ್ಮ, 'ಓಟ್ಲಿಗಾರು ಓಗಪ್ಪ.' ನಾನು ಮಾತ್ರ ಒಂದು ದಿನವೂ ಉತ್ತರಿಸಿದವನಲ್ಲ. ಸರ್ವರ್ ಅಡ್ಮಿನಿಸ್ಟ್ರೇಟರ್ ಉಪ್ಪಿಟ್ಟಿನ ವಿಚಾರ ಬರೆಯುವುದೆಂದರೇನು?

ನನ್ನ ಕೆಲಸದ ಹೆಮ್ಮೆಯೆಂದರೆ ದಿನದ ವರದಿ. ಸರ್ವರ್ ತನಗೆ ಬಂದ ಪ್ರತಿ ಬರಹಕ್ಕೂ ಲಾಗ್ ಎಂಬ ಕಡತದಲ್ಲಿ ಒಂದು ಸಾಲು ಬರೆದಿಡುತ್ತದೆ. ತೆಗೆದುಕೊಂಡರೆ ಸಾಲಿನಲ್ಲಿ ಒಂದು ಪ್ಲಸ್ ಗುರುತು, ಬೇಡವೆಂದು ಬಿಸಾಕಿದರೆ ಒಂದು ಮೈನಸ್. ಯಾವ ಕೇಂದ್ರದಿಂದ ಎಷ್ಟು ಬಂತು, ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ, ಎಲ್ಲವನ್ನೂ ಲಾಗ್‌ನಿಂದ ಹೆಕ್ಕಿ ವರದಿ ಮಾಡಿ ತಿಂಗಳಿಗೊಮ್ಮೆ ಮೈಸೂರಿನಲ್ಲಿದ್ದ ನಮ್ಮ ನಿರ್ದೇಶಕರಿಗೆ ಕಳಿಸುತ್ತಿದ್ದೆ. ಬಿಸಾಕಿದವುಗಳ ಪಟ್ಟಿಯನ್ನು ಮಾತ್ರ ವರದಿಯಿಂದ ನಾನೇ ತೆಗೆದಿದ್ದೆ. ಹೊರಗಿನಿಂದ ಬರುವ ಕಸದ ಜಾಹೀರಾತುಗಳೇ ಅದರಲ್ಲಿ ತುಂಬಿರುತ್ತಿದ್ದವು, ಅದನ್ನು ಯಾರು ಓದುತ್ತಾರೆ ಎಂದು.

ಜುಲೈ ತಿಂಗಳಲ್ಲಿ ನಿರ್ದೇಶಕರು ನಮ್ಮ ಗುಂಪನ್ನು ಒಮ್ಮೆ ಓದಿ ಫೋನ್ ಮಾಡಿದರು. "ಏನ್ರೀ ಇದು? ಹತ್ತರಲ್ಲಿ ಆರು ಬರಹ ತಿಂಡಿ ಊಟದ್ದೇ ಇದೆ. ಇದಕ್ಕೇನ್ರೀ ಕಂಪ್ಯೂಟರ್ ಕೊಟ್ಟಿದ್ದು?"

ನನಗೆ ಮುಖಕ್ಕೆ ಹೊಡೆದಂತಾಯಿತು. ಅವತ್ತೇ ಕೂತು ಸರ್ವರ್‌ಗೆ ಒಂದು ಫಿಲ್ಟರ್ ಬರೆದೆ. ನಾಲ್ಕು ಸಾಲಿಗಿಂತ ಕಡಿಮೆ ಇರುವ ಬರಹ ಬಂದರೆ ಬಿಸಾಕು, ಅಷ್ಟೇ. ಕಳಿಸಿದವರಿಗೆ ತಿಳಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಹಾಗಾಗಿ ಗುಂಪಿನಲ್ಲಿ ಒಂದು ನೋಟಿಸ್ ಹಾಕಿದೆ. ಇಂಗ್ಲಿಷಿನಲ್ಲಿ ಹಾಕಿದೆ, ಗತ್ತಾಗಿ ಕಾಣಲಿ ಎಂದು.

ಫಲಿತಾಂಶ ಅದ್ಭುತವಾಗಿತ್ತು. ಮರುದಿನದಿಂದ ತಿಂಡಿ ಮಾಯ, ಊಟ ಮಾಯ. ಪಿರಿಯಾಪಟ್ಟಣದಿಂದ ತಂಬಾಕು ಹರಾಜಿನ ಸುದ್ದಿ, ಕೆ.ಆರ್. ನಗರದಿಂದ ಭತ್ತದ ಬೀಜದ ಸುದ್ದಿ, ಎಲ್ಲ ಒಪ್ಪವಾಗಿ ಬರುತ್ತಿದ್ದವು. ಎಚ್.ಡಿ. ಕೋಟೆಯಿಂದ ಮಾತ್ರ ಏನೂ ಇಲ್ಲ. ವರದಿಯಲ್ಲಿ ಅವರ ಹೆಸರಿನ ಮುಂದೆ ದಿನವೂ ಸೊನ್ನೆ. ಒಂದು ದಿನ ಬಸವಣ್ಣ ಫೋನಿನಲ್ಲಿ, "ಮಾದೇವಮ್ಮಾರು ಮುನಿಸ್ಕಂಡವ್ರೆ ಸಾ. ನಿಮ್ ನೋಟೀಸ್ ನೋಡಿ ಬೇಜಾರಾಗದೆ ಅವ್ರಿಗೆ. ನಾವೂ ಕೆಣಕೋಕ್ ಓಗ್ನಿಲ್ಲ" ಎಂದ. ನಮ್ಮ ಕಡೆ ಮುನಿಸಿಕೊಂಡವರನ್ನು ತಾವಾಗಿ ಮಾತಾಡುವವರೆಗೂ ಬಿಟ್ಟುಬಿಡುವುದು ರೂಢಿ. ನನಗೂ ಸಿಟ್ಟು ಬಂತು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಇದೇನು ಬೀಗರ ಮನೆಯೇ? ಒಂದು ಫೋನ್ ಮಾಡಬಹುದಿತ್ತು. ವರದಿಯೇ ಕೈಯಲ್ಲಿರುವಾಗ ಫೋನ್ ಏಕೆಂದು ಸುಮ್ಮನಾದೆ.

ಆಗಸ್ಟ್ ಕೊನೆಯಲ್ಲಿ ನಿರ್ದೇಶಕರ ಆದೇಶ ಬಂತು. ಕೋಟೆಯ ಕೇಂದ್ರ ಕೆಲಸ ಮಾಡುತ್ತಿಲ್ಲ, ಮುಚ್ಚಿ, ಕಂಪ್ಯೂಟರ್ ವಾಪಸ್ ತನ್ನಿ. ನಾನು ಮೂರು ಖಾಲಿ ರಟ್ಟಿನ ಪೆಟ್ಟಿಗೆ ಮಡಚಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಹತ್ತಿದೆ.

ಕೇಂದ್ರ ಇದ್ದದ್ದು ಒಂದು ಸೊಸೈಟಿ ಕಟ್ಟಡದ ಹಿಂದಿನ ಕೋಣೆಯಲ್ಲಿ. ಮಾದೇವಮ್ಮ ಬಾಗಿಲಲ್ಲೇ ನಿಂತಿದ್ದರು. ಕಂಪ್ಯೂಟರಿಗೆ ಅವರೇ ಹೊಲಿದ ಹೂವಿನ ಬಟ್ಟೆಯ ಗೌಸು, ನೆಲ ಅದೇ ತಾನೆ ಒರೆಸಿದಂತಿತ್ತು. ನನ್ನ ಕೈಯ ಪೆಟ್ಟಿಗೆ ನೋಡಿದರು. ನೀರು ಕೊಟ್ಟರು.

"ತಗಂಡೋಗಿ ಸಾ," ಎಂದರು. "ಮಾತಾಡೋರೇ ಇಲ್ದ ಮ್ಯಾಲೆ ಇದ್ನ ಇಟ್ಕಂಡ್ ಏನ್ ಮಾಡನ."

ಆ ಮಾತಿಗೆ ನನ್ನ ತಲೆ ಕೆಟ್ಟಿತು. "ಮಾತಾಡೋರಿಲ್ವಾ? ಒಂದು ತಿಂಗಳ ಮೇಲಾಯ್ತು, ನೀವು ಒಂದು ಅಕ್ಷರ ಬರೆದಿಲ್ಲ! ನಿಮ್ಮ ಮುನಿಸಿಗೋಸ್ಕರ ಕೇಂದ್ರ ಮುಚ್ಚೋ ಹಾಗಾಯ್ತಲ್ರೀ!"

ಅವರು ಮೇಜಿನ ಡ್ರಾಯರ್ ಎಳೆದು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಡೇರಿಯ ಅಭ್ಯಾಸ ಬಿಟ್ಟಿರಲಿಲ್ಲ. ಕಳಿಸಿದ ಪ್ರತಿಯೊಂದು ಬರಹವನ್ನೂ ತಾರೀಕು ಹಾಕಿ, ಕನ್ನಡದಲ್ಲಿ, ದುಂಡಗೆ ಬರೆದಿಟ್ಟಿದ್ದರು. ನೋಟಿಸ್ ಹಾಕಿದ ದಿನದಿಂದ ಈಚೆಗೆ ನಲವತ್ತೊಂದು. ದಿನವೂ 'ಎಲ್ರೂ ತಿಂಡಿ ತಿಂದ್ರಾ?' ನಡುನಡುವೆ ಬೇರೆಯವು. 'ಬೀಚನಹಳ್ಳಿ ಕಡೆ ಮಳೆ ಜೋರದೆ.' 'ರಾಗಿ ಪೈರು ಹಳ್ದಿ ಆಗದೆ, ಏನ್ ಹಾಕನ?' 'ಬೇಗೂರಲ್ಲಿ ದನಕ್ಕೆ ಕಾಲುಬಾಯಿ ಜ್ವರ. ಇಲ್ಲಿ ಔಷ್ದಿ ಮುಗ್ದದೆ, ನಿಮ್ಮಲ್ಲದಾ?'

"ಈ ಔಷಧಿದು ಏನಾಯ್ತು?" ಎಂದೆ. ದನಿ ಆಗಲೇ ಇಳಿದಿತ್ತು.

"ಎಲ್ಡ್ ದಿನ ಕಾದೆ, ಯಾರೂ ಏನೂ ಬರೀನಿಲ್ಲ. ನಾನೇ ಬಸ್ ಅತ್ತಿ ಮೈಸೂರ್‌ಗೋಗಿ ತಂದ್ಕೊಟ್ಟೆ. ದನ ಉಳ್ಕಂಡ್ವು ಬುಡಿ."

ಆಗಲೂ ನನಗೆ ನಂಬಿಕೆ ಬರಲಿಲ್ಲ, ನನ್ನ ವರದಿ ಸುಳ್ಳು ಹೇಳುವುದುಂಟೇ! ಗೌಸು ತೆಗೆದು, ಅವರ ಮೋಡೆಮ್‌ನಿಂದಲೇ ಹುಣಸೂರಿನ ಸರ್ವರ್‌ಗೆ ಫೋನ್ ಹಾಕಿ, ಒಳಗೆ ಹೋಗಿ, ವರದಿಯನ್ನು ಬಿಟ್ಟು ನೇರವಾಗಿ ಲಾಗ್ ತೆಗೆದೆ. ಕೋಟೆ ಕೇಂದ್ರದ ಸಾಲುಗಳನ್ನಷ್ಟೇ ತೋರಿಸೆಂದೆ.

ಪರದೆಯ ಮೇಲೆ ಸಾಲುಗಳು ಮೇಲೇರತೊಡಗಿದವು. ಮೈನಸ್. ಮೈನಸ್. ಮೈನಸ್. ಪ್ರತಿ ಸಾಲಿನ ಕೊನೆಗೂ ಕಾರಣ, ನಾನೇ ಬರೆದ ಮಾತು: ಸಾಲು ಕಡಿಮೆ.

ಮಾದೇವಮ್ಮ ನನ್ನ ಹೆಗಲ ಹಿಂದಿನಿಂದ ಬಗ್ಗಿ ನೋಡಿದರು. "ಇದೇನ್ ಸಾ, ಬರೀ ಗೀಟು ಗೀಟು?"

ಎಣಿಸಿದೆ. ನಲವತ್ತೊಂದು.

ಏನಾಗಿತ್ತೆಂದು ಅಲ್ಲೇ ಕೂತು ಅರ್ಥ ಮಾಡಿಕೊಂಡೆ. ಬಸವಣ್ಣನೂ ನಾಗರಾಜುವೂ ಪ್ರತಿ ಬರಹದ ಕೆಳಗೆ ಹೆಸರು, ಕೇಂದ್ರ, ಫೋನ್ ನಂಬರ್ ಎಂದು ಮೂರು ಸಾಲಿನ ಸಹಿ ಅಂಟಿಸುತ್ತಿದ್ದರು. ಅವರು ಒಂದೇ ಸಾಲು ಬರೆದರೂ ಸರ್ವರ್ ಲೆಕ್ಕಕ್ಕೆ ನಾಲ್ಕು. ಹಾಗಾಗಿ ಫಿಲ್ಟರ್ ಅವರನ್ನು ಮುಟ್ಟಿರಲೇ ಇಲ್ಲ. ಉಪ್ಪಿಟ್ಟಿನ ಮಾತು ನಿಂತದ್ದು ಫಿಲ್ಟರ್‌ನಿಂದಲ್ಲ, ತಿಂಡಿ ತಿಂದ್ರಾ ಎಂದು ಮೊದಲು ಕೇಳುವವರ ದನಿ ಅಡಗಿದ್ದರಿಂದ. ಇಡೀ ಜಾಲದಲ್ಲಿ ನನ್ನ ಫಿಲ್ಟರ್ ಹಿಡಿದದ್ದು ನನ್ನ ಇಂಗ್ಲಿಷ್ ನೋಟಿಸ್ ಅರ್ಥವಾಗದ ಒಬ್ಬರನ್ನೇ.

"ನೀವ್ಯಾಕೆ ಸಹಿ ಹಾಕೋದಿಲ್ಲ?" ಎಂದು ಕೇಳಿದೆ.

"ಎಸ್ರು ಮ್ಯಾಲೇ ಬತ್ತದಲ್ಲ ಸಾ. ಅಲ್ದೆ ಟ್ರೈನಿಂಗಲ್ಲಿ ನೀವೇ ಯೋಳಿದ್ರಲ್ಲ, ತಂತಿ ಕೊಟ್ಟಂಗೆ ಬರೀರಿ, ಒಂದ್ ಸಾಲಲ್ಲಿ ಮುಗ್ಸಿ ಅಂತ."

ಹೇಳಿದ್ದೆ. ಅಕ್ಷರಶಃ ಹಾಗೇ ಹೇಳಿದ್ದೆ. ನನ್ನ ಪಾಠವನ್ನು ತಲೆಯ ಮೇಲಿಟ್ಟುಕೊಂಡು ಪಾಲಿಸಿದ ಒಬ್ಬಳೇ ಶಿಷ್ಯೆಯ ಬಾಯಿಯನ್ನು ನಾನೇ ಮುಚ್ಚಿ, ಆಮೇಲೆ ಮಾತಾಡುವುದಿಲ್ಲವೆಂದು ವರದಿ ಕಳಿಸಿದ್ದೆ. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪು ನನ್ನದು ಎಂದೆ. ಬೈಯುತ್ತಾರೆಂದು ಕಾದೆ, ಬೈಯಲೆಂದೂ ಆಸೆಪಟ್ಟೆ.

ಅವರು ಸ್ಟೂಲಿನ ಮೇಲೆ ಕೂತರು. "ಅಂಗಾರೆ ಯಾರೂ ನನ್ ಮ್ಯಾಲೆ ಮುನಿಸ್ಕಂಡಿರ್ನಿಲ್ವಾ ಸಾ?"

"ಇಲ್ಲ ಮಾದೇವಮ್ಮನವರೇ. ನೀವೇ ಮುನಿಸಿಕೊಂಡಿದ್ದೀರಿ ಅಂತ ಅವರು ಸುಮ್ಮನಿದ್ದಾರೆ."

"ಅಯ್ಯೋ ಶಿವ್ನೆ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕರು. "ದಿನಾ ಕೂತ್ಕಂಡು ಯೋಚ್ನೆ ಮಾಡೋಳು ಕಣ್ರೀ, ನಾನ್ ಯಾರಿಗ್ ಏನ್ ಅಂದ್ಬುಟ್ಟೆ ಅಂತ."

ನನ್ನ ಕಣ್ಣಲ್ಲಿ ನೀರು ಬಂತು. ಪರದೆ ನೋಡುವ ನೆಪದಲ್ಲಿ ಆ ಕಡೆ ತಿರುಗಿದೆ. ಅಲ್ಲಿಂದಲೇ ಫಿಲ್ಟರ್ ಕಿತ್ತುಹಾಕಿದೆ. ಆಮೇಲೆ ಪಕ್ಕದ ಎಸ್.ಟಿ.ಡಿ. ಬೂತಿನಿಂದ ನಿರ್ದೇಶಕರಿಗೆ ಫೋನ್ ಮಾಡಿದೆ.

"ವರದಿಯಲ್ಲಿ ಸೊನ್ನೆ ಅಂತ ನೀವೇ ಬರೆದಿದ್ರಲ್ರೀ?" ಎಂದರು.

"ಸೊನ್ನೆ ಮಾಡಿದವನು ನಾನೇ ಸಾರ್. ಕಂಪ್ಯೂಟರ್ ವಾಪಸ್ ತರಬೇಕಾದರೆ ಹುಣಸೂರಿಂದ ನನ್ನದನ್ನ ತರಬೇಕು."

ಫಿಲ್ಟರ್ ವಿಷಯ, ಮಾದೇವಮ್ಮನವರ ನೋಟ್‌ಬುಕ್ ವಿಷಯ ಎಲ್ಲ ಹೇಳಿದೆ. ಬೂತಿನ ಮೀಟರ್ ಓಡುತ್ತಲೇ ಇತ್ತು. "ಆ ನೋಟ್‌ಬುಕ್‌ನಲ್ಲಿರೋದನ್ನೆಲ್ಲ ಟೈಪ್ ಮಾಡಿ ನನಗೆ ಕಳಿಸಿ," ಎಂದರು ಕೊನೆಗೆ. "ಕೇಂದ್ರ ಇರಲಿ." ಫೋನ್ ಇಟ್ಟರು.

ಮಾದೇವಮ್ಮ ಓದಿ ಹೇಳಿದರು, ನಾನು ಟೈಪ್ ಮಾಡಿದೆ, ನಲವತ್ತೊಂದನ್ನೂ. ಮೂರು ಪೆಟ್ಟಿಗೆಗಳಲ್ಲಿ ಎರಡು ಖಾಲಿಯಾಗಿಯೇ ಹುಣಸೂರಿಗೆ ಬಂದವು. ಮೂರನೆಯದರಲ್ಲಿ ಅವರ ಹಿತ್ತಲಿನ ಸೋರೆಕಾಯಿಗಳಿದ್ದವು. ಬೇಡವೆಂದರೂ ಕೇಳಲಿಲ್ಲ.

ಆ ಜಾಲ ಇನ್ನೂ ಐದು ವರ್ಷ ನಡೆಯಿತು, ಆಮೇಲೆ ಇಂಟರ್‌ನೆಟ್ ಬಂದು ಅದರ ಕೆಲಸ ಮುಗಿಯಿತು. ಅಷ್ಟೂ ದಿನ ನನ್ನ ವರದಿಯ ಮೊದಲ ಪುಟದಲ್ಲೇ ಬಿಸಾಕಿದವುಗಳ ಪಟ್ಟಿ ಇರುತ್ತಿತ್ತು, ಜಾಹೀರಾತುಗಳ ಸಮೇತ, ಒಂದೊಂದನ್ನೂ ಓದುತ್ತಿದ್ದೆ. ಅದರ ಮೇಲೆ ಇನ್ನೊಂದು ಸಾಲು: ಕೋಟೆಯ ತಿಂಡಿ ಎಷ್ಟು ಗಂಟೆಗೆ ಬಂತು. ಹತ್ತು ಗಂಟೆಗೂ ಬರದಿದ್ದರೆ ಫೋನ್ ಎತ್ತುತ್ತಿದ್ದೆ. ಲೈನ್ ಕೆಟ್ಟಿದ್ದನ್ನೂ, ಕರೆಂಟ್ ಹೋಗಿದ್ದನ್ನೂ, ಒಮ್ಮೆ ಅವರೇ ಜ್ವರದಲ್ಲಿ ಮಲಗಿದ್ದನ್ನೂ ನನಗೆ ಎಲ್ಲಕ್ಕಿಂತ ಮೊದಲು ತಿಳಿಸಿದ್ದು ಆ ಒಂದು ಸಾಲೇ. ಯಂತ್ರ ಏನನ್ನು ತೆಗೆದುಕೊಂಡಿತು ಎಂದು ನೋಡುವುದು ಅರ್ಧ ಕೆಲಸ. ಯಾರನ್ನು ಹೊರಗಿಟ್ಟಿತು ಎಂದು ನೋಡುವುದು ಮಿಕ್ಕರ್ಧ. ನಾನು ಕಲಿತದ್ದು ಇಷ್ಟೇ, ಅದನ್ನು ಕಲಿಯಲು ನನಗೆ ಒಬ್ಬ ಹೆಂಗಸಿನ ಒಂದು ತಿಂಗಳ ನೋವು ಬೇಕಾಯಿತು.

ಹುಣಸೂರಿಗೆ ಮರಳಿದ ಮರುದಿನ ಬೆಳಿಗ್ಗೆ ಎಂಟೂವರೆಯಿಂದಲೇ ಲಾಗ್ ತೆಗೆದಿಟ್ಟುಕೊಂಡು ಕೂತಿದ್ದೆ. ಒಂಬತ್ತಕ್ಕೆ ಮೋಡೆಮ್ ಕಿರುಚಿತು. ಕೋಟೆಯ ಸಾಲು ಬಂತು, ಪ್ಲಸ್. 'ಎಲ್ರೂ ತಿಂಡಿ ತಿಂದ್ರಾ?' ಬಸವಣ್ಣ ಏನು ಬರೆಯುತ್ತಾನೋ ಎಂದು ಕಾಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆ ಗುಂಪಿನಲ್ಲಿ ನೋಟಿಸ್ ಅಲ್ಲದ್ದನ್ನು ಬರೆದೆ, ಸಹಿಯನ್ನೂ ಹಾಕಲಿಲ್ಲ.

'ಸೋರೆಕಾಯಿ ದೋಸೆ ತಿಂದೆ ಮಾದೇವಮ್ಮನವರೇ. ನೀವು?'