ನರ್ಸಮ್ಮ ದೇವರಿಗೆ ಹೇಳಿದ ಮಾತು

ಹಾಲು ಒಡೆದುಹೋಗಬಹುದಿತ್ತು. ಕೇಸರಿಬಾತು ಅರ್ಧ ಆಗಿರುವಾಗ ಗ್ಯಾಸ್ ಸಿಲಿಂಡರ್ ಕೈಕೊಡಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋದರೆ ಮೇಣದಬತ್ತಿ ಹಚ್ಚಬೇಕು, ಹಚ್ಚಿದರೆ ಯಾರದಾದರೂ ಸೆರಗಿಗೆ ತಾಗಬಹುದು. ಕುರ್ಚಿ ಸಾಲದೆ ಅಯ್ಯನವರು, ಅಂದರೆ ನಮ್ಮ ಚರ್ಚಿನ ಸಭಾಪಾಲಕರು, ಕಾಲು ಅಲುಗಾಡುವ ಕುರ್ಚಿಯ ಮೇಲೇ ಕೂತುಬಿಡಬಹುದಿತ್ತು. ಪಕ್ಕದ ಮನೆಯವರು ಅದೇ ಹೊತ್ತಿಗೆ ಟೇಪ್‌ರೆಕಾರ್ಡರ್ ಹಾಕಬಹುದಿತ್ತು. ಎಲ್ಲರೂ ಕಣ್ಣು ಮುಚ್ಚಿರುವಾಗ ಗೋಡೆಯ ಹಲ್ಲಿ ಯಾರ ತಲೆಯ ಮೇಲಾದರೂ ಬೀಳಬಹುದಿತ್ತು. ಮಳೆ ಬಂದು ಯಾರೂ ಬಾರದೇ ಇರಬಹುದಿತ್ತು. ಮಳೆ ಬಾರದೆ ಎಲ್ಲರೂ ಬಂದುಬಿಡಬಹುದಿತ್ತು...

ಕಳೆದ ತಿಂಗಳು ಅಟ್ಟದ ಮೇಲಿನ ಟ್ರಂಕು ತೆಗೆದಾಗ ನುಸಿಗುಳಿಗೆಯ ಘಾಟಿನ ಜೊತೆ ಇಷ್ಟೂ ಚಿಂತೆಗಳು ಸಾಲಾಗಿ ಹೊರಗೆ ಬಂದವು. ಒಳಗೆ ನಮ್ಮ ಹಳೆಯ ಜಮಖಾನವಿತ್ತು. ಹುಣಸೂರಿನ ಬಾಡಿಗೆ ಮನೆಯಲ್ಲಿ ಒಂದು ಶುಕ್ರವಾರ ಸಂಜೆ ಅದನ್ನು ಹಾಸಿದ್ದೆವು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಡೆದ ಮೊದಲ ಮನೆಪ್ರಾರ್ಥನೆ ಅದು. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಹೆಸರು ಮಾಡಿದ್ದವನು. ಅಂಥವನಿಗೂ ಜಮಖಾನದ ಮೂಲೆಯಲ್ಲಿ ಮಂಡಿ ಮಡಚಿ ಕೂತಿದ್ದ ನರ್ಸಮ್ಮನ ಬಗ್ಗೆ ಚಿಂತೆ ಮಾಡಬೇಕು ಅಂತ ಹೊಳೆಯಲೇ ಇಲ್ಲ.

ನರ್ಸಮ್ಮ ನಮಗೆ ಸಂಬಂಧಿಕರಲ್ಲ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಸಭೆಯವರು ಅನ್ನುವುದಕ್ಕಿಂತ ಇಡೀ ಬೀದಿಗೆ ಬೇಕಾದವರು. ಯಾರ ಮನೆಯಲ್ಲಿ ಜ್ವರವೋ, ಬಾಣಂತಿಯೋ, ಮಾಗದ ಹುಣ್ಣೋ, ಅಲ್ಲಿ ಇವರ ಚಪ್ಪಲಿ ಇರುತ್ತಿತ್ತು. ಆದರೆ ಒಬ್ಬರ ಕಾಯಿಲೆಯನ್ನು ಇನ್ನೊಬ್ಬರಿಗೆ ಹೇಳಿದವರಲ್ಲ. "ಆ ಮನೆಯವರಿಗೆ ಏನಾಗಿತ್ತು ನರ್ಸಮ್ಮ?" ಅಂತ ಯಾರಾದರೂ ಕೆದಕಿದರೆ, "ನಿಂಗೆ ಆಗಿಲ್ವಲ್ಲ, ಸ್ತೋತ್ರ ಹೇಳು, ನಡಿ" ಅನ್ನುತ್ತಿದ್ದರು.

ನಾನು ಆಗ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ನಂಬಿಕೆಯ ಪಾಠ ಹೇಳುತ್ತಿದ್ದೆ. ಮಧ್ಯಾಹ್ನದ ಮೇಲೆ ನರ್ಸಮ್ಮನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಗಾವಡಗೆರೆ ಕಡೆಯ ಹಳ್ಳಿಗಳಿಗೆ, ಹಾಸಿಗೆ ಹಿಡಿದವರನ್ನು ನೋಡಲು ಹೋಗುತ್ತಿದ್ದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಬಿಸಿ ವಾಸನೆ ದಾರಿಯುದ್ದಕ್ಕೂ ಮೂಗಿಗೆ ಬಡಿಯುತ್ತಿತ್ತು. ಅವರು ನನಗೆ ಪ್ರಾರ್ಥನೆ ಕಲಿಸಿದ್ದು ಆ ದಾರಿಗಳಲ್ಲಿ, ಅದೂ ನನ್ನ ಬೆನ್ನಿನ ಹಿಂದಿನಿಂದ.

"ಪ್ರಾರ್ಥನೆ ಅಂದ್ರೆ ಭಾಷಣ ಅಲ್ಲ ಕಣಪ್ಪ. ದಿನಕ್ಕೊಂದು ನಿಜ ಹೇಳು ದೇವ್ರಿಗೆ, ಸಾಕು. ಉಳಿದಿದ್ದು ಅವನು ನೋಡ್ಕತಾನೆ."

ನನ್ನ ಕಷ್ಟವೇ ಅದಾಗಿತ್ತು. ಅಪ್ಪ ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಸಭೆಯೆಲ್ಲ ಉಪವಾಸವಿದ್ದು ಪ್ರಾರ್ಥಿಸಿತ್ತು. ಎದ್ದು ಬರುತ್ತಾರೆ, ನಂಬು ಅಂದಿದ್ದರು. ನಂಬಿದೆ. ಅಪ್ಪ ಬರಲಿಲ್ಲ. ಅವ್ವ ಅದನ್ನೂ ದೇವರ ಚಿತ್ತ ಅಂತ ಒಪ್ಪಿಕೊಂಡಳು. ನಾನು ಒಪ್ಪಲಿಲ್ಲ, ಒಪ್ಪಲಿಲ್ಲ ಅಂತ ಹೇಳುವ ಧೈರ್ಯವೂ ಮಾಡಲಿಲ್ಲ. ದಿನಾ ಸಂಜೆ ನಾವಿಬ್ಬರೇ ಪ್ರಾರ್ಥನೆಗೆ ಕೂರುತ್ತಿದ್ದೆವು. ಅವ್ವ ತನ್ನದನ್ನು ಮುಗಿಸಿ, ಆಮೆನ್ ಅನ್ನುವ ಮುಂಚೆ ಸುಮ್ಮನಾಗುತ್ತಿದ್ದಳು. ಅದು ನನ್ನ ಸರದಿ. ನಾನು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದೆ; ಪಿಸುಮಾತು ಕೇಳಿಸುವಷ್ಟು ಉಸಿರು ಬಿಡುತ್ತಿದ್ದೆ. ಒಳಗೆ ಒಂದು ಪದವೂ ಇರುತ್ತಿರಲಿಲ್ಲ. ಅವ್ವನಿಗೆ ಅಷ್ಟು ಸಾಕಾಗಿ, ಸಮಾಧಾನದಿಂದ ಆಮೆನ್ ಅನ್ನುತ್ತಿದ್ದಳು.

ಒಂದು ಭಾನುವಾರ ಮೊಪೆಡ್ ಓಡಿಸುತ್ತಲೇ ಇದನ್ನು ನರ್ಸಮ್ಮನಿಗೆ ಹೇಳಿಬಿಟ್ಟೆ. ಮುಖಕ್ಕೆ ಮುಖ ಕೊಟ್ಟು ಹೇಳಬೇಕಾಗಿದ್ದರೆ ಖಂಡಿತ ಆಗುತ್ತಿರಲಿಲ್ಲ.

"ಅಪ್ಪ ಹೋದಾಗಿಂದ ನಾನು ಪ್ರಾರ್ಥನೆನೇ ಮಾಡಿಲ್ಲ ನರ್ಸಮ್ಮ. ಅವ್ವನ ಮುಂದೆ ತುಟಿ ಆಡುಸ್ತೀನಿ, ಅಷ್ಟೆ."

ಹೆಗಲ ಮೇಲಿದ್ದ ಅವರ ಕೈ ಸ್ವಲ್ಪ ಬಿಗಿಯಾಯಿತು.

"ನಿಮ್ಮವ್ವಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ತಡ್ಕಳಲ್ಲ."

"ನನ್ ತಾವೇ ಇರ್ತದೆ ಬುಡು. ಮುಂದೆ ನೋಡ್ಕಂಡು ಓಡ್ಸು, ಎಮ್ಮೆ ಅದೆ."

ಎಮ್ಮೆಯನ್ನು ತಪ್ಪಿಸಿದೆ. ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಗಿತ್ತು. ಮರುದಿನ ಅಂಗಡಿಯಲ್ಲಿ ಯೂರಿಯಾ ಚೀಲಗಳ ಸಂದಿಯಲ್ಲಿ ನಿಂತು ಮೊದಲ ಸಲ ದೇವರಿಗೆ ನಿಜ ಹೇಳಿದೆ: ನಿನ್ನ ಮೇಲೆ ನನಗೆ ಕೋಪ ಇದೆ. ಏನೂ ಆಗಲಿಲ್ಲ. ಸಾಹುಕಾರರು ಪೊಟ್ಯಾಷ್ ಎಲ್ಲಿಟ್ಟೆ ಅಂತ ಕೂಗಿದರು, ಅಷ್ಟೆ. ಮಾರನೆಯ ದಿನ, ಕೋಪ ಹಾಗೇ ಇದೆ ಅಂದೆ. ಇನ್ನೊಂದು ದಿನ ಹೇಳಲು ಬೇರೆ ನಿಜ ಸಿಗದೆ, ಗೊಬ್ಬರದ ವಾಸನೆಗೆ ಮೂಗು ಉರಿಯುತ್ತಿದೆ ಅಂದೆ. ಹೀಗೇ ನಡೆಯುತ್ತಾ ಒಂದು ದಿನ, ಅವ್ವನ ಮಂಡಿನೋವು ಕಮ್ಮಿ ಮಾಡು ಅಂತ ಬಾಯಿಗೆ ಬಂದುಬಿಟ್ಟಿತು. ಅದು ಬೇಡಿಕೆ ಅಂತ ಹೊಳೆದದ್ದು ಆಮೇಲೆ. ಯಾರೂ ಇಲ್ಲದ ಕಡೆ ಯಾರು ಬೇಡುತ್ತಾರೆ? ಇನ್ನು ಕೆಲವು ವಾರ ಸಿಕ್ಕಿದ್ದರೆ, ಅವ್ವ ನನಗಾಗಿ ಸುಮ್ಮನಾಗುವ ಆ ಹೊತ್ತಿನಲ್ಲಿ ಒಂದು ಮಾತನ್ನಾದರೂ ಗಟ್ಟಿಯಾಗಿ ಆಡುತ್ತಿದ್ದೆನೇನೋ... ನನ್ನ ಲೆಕ್ಕಾಚಾರ ಅದೇ ಇತ್ತು. ಅವ್ವನಿಗೆ ಹಳೆಯದು ಗೊತ್ತಾಗದಂತೆ ಹೊಸದು ಶುರುವಾಗಬೇಕಿತ್ತು.

ಆ ಶುಕ್ರವಾರ ಹಾಲು ಒಡೆಯಲಿಲ್ಲ, ಕರೆಂಟು ಹೋಗಲಿಲ್ಲ. ಹಲ್ಲಿ ಕೂಡ ಸಭ್ಯವಾಗಿ ಟ್ಯೂಬ್‌ಲೈಟಿನ ಹಿಂದೆ ಇತ್ತು. ಹಾಡು ಮುಗಿದು, ಅಯ್ಯನವರ ಮಾತು ಮುಗಿದು, ಒಬ್ಬೊಬ್ಬರೇ ಪ್ರಾರ್ಥಿಸುವ ಸಮಯ ಬಂತು. ಮಗಳ ಹತ್ತನೇ ಕ್ಲಾಸಿಗಾಗಿ ಒಬ್ಬರು ಬೇಡಿದರು. ಕಂಪಲಾಪುರದ ಕಡೆ ಹೊಗೆಸೊಪ್ಪು ಬೆಳೆಯುವ ಸಭೆಯ ಹಿರಿಯರೊಬ್ಬರು, ಬೀಡಿ ಸೇದುವುದು ಪಾಪ ಅಂತ ವರ್ಷವಿಡೀ ಹೇಳುವವರು, ಹರಾಜಿನಲ್ಲಿ ಸೊಪ್ಪಿಗೆ ಒಳ್ಳೆಯ ರೇಟು ಕೊಡಿಸು ಅಂತ ಮನಸಾರೆ ಬೇಡಿದರು. ಆಮೇಲೆ ನರ್ಸಮ್ಮನ ದನಿ ಕೇಳಿತು.

"ಕರ್ತನೇ, ಈ ಮನೆ ಯಜಮಾನ್ರು ಹೋದಾಗಿಂದ ಈ ಮಗ ನಿನ್ ಕೂಡೆ ಮಾತು ಬುಟ್ಟವ್ನೆ. ದಿನಾ ಅವ್ವನ ಮುಂದೆ ಬರೀ ತುಟಿ ಆಡುಸ್ತಾನೆ. ನಿಂಗೆ ಗೊತ್ತಪ್ಪ. ಆ ಬಾಯಿ ತೆಗ್ಸು ತಂದೆ..."

ದನಿ ನಡುಗುತ್ತಿತ್ತು. ಅಳುತ್ತಿದ್ದರು. ಸುತ್ತ ಕೂತವರೆಲ್ಲ "ಸ್ತೋತ್ರ, ಸ್ತೋತ್ರ" ಅಂದರು. ನಾನು ಕಣ್ಣು ಬಿಟ್ಟೆ. ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು; ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಎಲ್ಲರದೂ ಮುಗಿದ ಮೇಲೆ ಅವಳೂ "ಸ್ತೋತ್ರ" ಅಂದಳು, ಒಬ್ಬಳೇ.

ಆಮೇಲೆ ನಾನು ತಟ್ಟೆ ಹಿಡಿದು ಎಲ್ಲರಿಗೂ ಕಾಫಿ ಕೊಡುತ್ತಾ ಹೋದೆ. ಹೊಗೆಸೊಪ್ಪಿನ ಹಿರಿಯರು ಲೋಟ ಎತ್ತಿಕೊಳ್ಳುತ್ತಾ ಕಣ್ಣು ಮಿಟುಕಿಸಿದರು. "ಏನ್ಲಾ ತಮ್ಮ, ದೇವ್ರ ಕೂಡೆ ಟೂ ಬುಟ್ಟಿದ್ದೀಯಂತೆ? ನಾಳೆ ನನ್ ಕೂಡೇನೂ ಬುಟ್ಟೀಯ, ಹುಷಾರು." ಸುತ್ತಲಿನವರು ನಕ್ಕರು. ನಾನೂ ನಕ್ಕೆ, ಅಂಥ ಹೊತ್ತಿನಲ್ಲಿ ನಗುವುದು ನನ್ನ ಹಳೆಯ ರೋಗ. ನರ್ಸಮ್ಮ ಮಾತ್ರ ನಗಲಿಲ್ಲ. ಹೊರಡುವಾಗ ನನ್ನ ತಲೆ ಸವರಿ, ದೊಡ್ಡ ಉಪಕಾರ ಮಾಡಿದವರ ಹಾಗೆ ಹೋದರು.

ಮಾರನೆಯ ದಿನ ಅವರ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು.

"ನಿಮ್ ತಾವೇ ಇರ್ತದೆ ಅಂದಿದ್ರಿ ನರ್ಸಮ್ಮ."

"ಊಂ ಕಣಪ್ಪ."

"ಎಲ್ಲರ ಮುಂದೆ ಹೇಳಿಬಿಟ್ರಲ್ಲ? ಅವ್ವ ಅಲ್ಲೇ ಕೂತಿತ್ತು."

ಮೊರದಿಂದ ತಲೆ ಎತ್ತಿ ನೋಡಿದರು. ಆ ನೋಟದಲ್ಲಿ ತಪ್ಪಿನ ನೆರಳೂ ಇರಲಿಲ್ಲ, ಬರೀ ಆಶ್ಚರ್ಯವಿತ್ತು. "ನಾನ್ಯಾರಿಗ್ಲಾ ಹೇಳ್ದೆ? ಒಂದು ನರಪಿಳ್ಳೆಗೂ ಹೇಳಿಲ್ಲ. ದೇವ್ರಿಗೆ ಹೇಳ್ದೆ. ದೇವ್ರಿಗೂ ಹೇಳ್ಬ್ಯಾಡ ಅಂತೀಯಾ?"

ಕಣ್ಣು ಮುಚ್ಚಿದ ಮೇಲೆ ಅವರ ಪಾಲಿಗೆ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು. ಅರ್ಥವಾದ ಮೇಲೂ ಕ್ಷಮಿಸಲು ಬರಲಿಲ್ಲ. ನನ್ನ ಪಾಲಿಗೆ ಆ ಕೋಣೆ ತುಂಬಿತ್ತು. ಕೆಟ್ಟವರು ಮೋಸ ಮಾಡಿದರೆ ಬೈದು ಹಗುರಾಗಬಹುದು. ಇವರು ನನಗಾಗಿ ಅತ್ತು ಮೋಸ ಮಾಡಿದ್ದರು. ಬೈಯಲು ಬಾಯಿಯೇ ಬರಲಿಲ್ಲ. ಮುಂದಿನ ಭಾನುವಾರ ಮೊಪೆಡ್ ಕೆಟ್ಟಿದೆ ಅಂದೆ. ಅದರ ಮುಂದಿನ ಭಾನುವಾರವೂ ಅಂದೆ. ಮೂಗು ಉರಿಯುವ ಸಂಗತಿಯನ್ನೂ ದೇವರಿಗೆ ಹೇಳುವುದು ನಿಲ್ಲಿಸಿದೆ. ಅದೂ ಯಾವ ಜಮಖಾನದ ಮೇಲೆ ಹೊರಬರುತ್ತದೋ ಯಾರಿಗೆ ಗೊತ್ತು.

ಮುಂದೆ ನರ್ಸಮ್ಮ ಸರಗೂರಿನ ತಂಗಿಯ ಮನೆಗೆ ಹೋದರು. ನನ್ನನ್ನು ನೋಡಬೇಕು ಅಂತ ಬಸ್ಸಿನವರ ಕೈಲಿ ಎರಡು ಸಲ ಹೇಳಿಕಳಿಸಿದರು. ಹೋಗಲಿಲ್ಲ. ಅವರು ತೀರಿಕೊಂಡಾಗ ಮಣ್ಣಿಗೆ ಹೋದೆ. ಅಲ್ಲಿ ಅಯ್ಯನವರು, ನೀನು ಅವರ ಮಗನ ಹಾಗಿದ್ದವನು, ಒಂದು ಪ್ರಾರ್ಥನೆ ಮಾಡಪ್ಪ ಅಂದರು. ಮಾಡಿದೆ. ಎಲ್ಲಿಯೂ ತಡವರಿಸದೆ, ಏರಿಳಿತ ಕೊಟ್ಟು, ಉದ್ದವಾಗಿ ಮಾಡಿದೆ. ಯಾರಿಗೂ ಏನೂ ಬಿಟ್ಟುಕೊಡದ ಪ್ರಾರ್ಥನೆ. "ಎಂಥಾ ಪ್ರಾರ್ಥನೆ ಮಾಡುದ್ರಿ!" ಅಂತ ಯಾರೋ ಕೈ ಕುಲುಕಿದರು. ಪೆಟ್ಟಿಗೆಯಲ್ಲಿದ್ದವರು ಒಬ್ಬರೇ ಅದರಲ್ಲಿ ಒಂದು ನಿಜವೂ ಇಲ್ಲ ಅಂತ ಹಿಡಿದುಹಾಕಬಲ್ಲವರಾಗಿದ್ದರು.

ಈಗ ಸಭೆಯಲ್ಲಿ ನನ್ನನ್ನೂ ಹಿರಿಯರು ಅನ್ನುತ್ತಾರೆ. ನಿಮಗಾಗಿ ಏನಂತ ಪ್ರಾರ್ಥಿಸಲಿ ಅಂತ ಚಿಕ್ಕವರು ಕೇಳಿದರೆ, ಸ್ವಲ್ಪ ಕೆಮ್ಮು ಅನ್ನುತ್ತೇನೆ. ಅವ್ವ ಹೋಗಿ ವರ್ಷಗಳಾದವು. ಆ ಶುಕ್ರವಾರದ ಮಾತಿನಿಂದ ಏನೇನಾಗಬಹುದು ಅಂತ ನಾನು ಹೆದರಿದ್ದೆನೋ ಅದ್ಯಾವುದೂ ಆಗಲಿಲ್ಲ. ಸಂಡೇ ಸ್ಕೂಲಿನಿಂದ ನನ್ನನ್ನು ತೆಗೆಯಲಿಲ್ಲ, ಹೆಣ್ಣು ಕೊಡುವವರು ಹಿಂಜರಿಯಲಿಲ್ಲ. ಅವ್ವ ಅಳಲಿಲ್ಲ, ಊಟ ಬಿಡಲಿಲ್ಲ, ಆ ವಿಷಯವನ್ನು ಸಾಯುವವರೆಗೂ ಒಮ್ಮೆಯೂ ಎತ್ತಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ಹೇಳಿದರೆ ಇಷ್ಟೇನಾ ಅನ್ನುತ್ತೀರಿ. ಆ ಶುಕ್ರವಾರದ ಮರುದಿನ ಸಂಜೆ ಪ್ರಾರ್ಥನೆಗೆ ಕೂತಾಗ ಅವ್ವ ತನ್ನದನ್ನು ಮುಗಿಸಿ, ನನ್ನ ಸರದಿಗಾಗಿ ಸುಮ್ಮನಾಗದೆ, ಅಲ್ಲೇ ಆಮೆನ್ ಅಂದು ಎದ್ದು ಒಲೆಯ ಕಡೆ ಹೋದಳು.